ಟೋಪಿ ಹಾಕಿದ ಸೌದೆ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಸೌದೆಯಮ್ಮ ತನ್ನ ಡಿಪೋದ ಹಿಂದಿನ ಅಂಗಳದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಹಗ್ಗ ಬಿಚ್ಚುತ್ತಿದ್ದಳು. ಒಂದು ಹನಿ ಮಳೆಯೂ ತಾಗಬಾರದೆಂದು ಎರಡು ತಿಂಗಳ ಹಿಂದೆ ಹಸಿ ಸೌದೆಯ ರಾಶಿಯನ್ನು ತಲೆಯಿಂದ ಬುಡದವರೆಗೆ ಮುಚ್ಚಿ, ಮಗುವಿಗೆ ಕಂಬಳಿ ಹೊದಿಸಿದಂತೆ ಅಂಚುಗಳನ್ನೆಲ್ಲ ಒಳಗೆ ಸಿಕ್ಕಿಸಿ, ಕಲ್ಲು ಹೇರಿದ್ದಳು. ಹೊದಿಕೆ ಎತ್ತಿದರೆ ಅದರ ಒಳಮೈಯಿಂದ ನೀರು ತೊಟ್ಟಿಕ್ಕಿತು. ಒಂದು ಸೀಳನ್ನು ತಕ್ಕಡಿಗೆ ಹಾಕಿದಳು. ಸೀಳಿದ ದಿನ ಅದರ ತುದಿಗೆ ಪೆನ್ಸಿಲಿನಲ್ಲಿ ಬರೆದದ್ದು ಮೂರು ಕಿಲೋ ಒಂಬೈನೂರು ಗ್ರಾಂ. ಅದರಲ್ಲಿ ಇಳಿದದ್ದು ಬರೀ ಐವತ್ತು ಗ್ರಾಂ.

ಬೇಕರಿ ನಡೆಸುವ ಅಕ್ಕನ ಗಂಡ ಆಗಲೇ ಗಡುವು ಕೊಟ್ಟಿದ್ದ. "ಬ್ರೆಡ್ಡೆಲ್ಲ ಹೊಗೆ ವಾಸನೆ. ನೀನು ಸೌದೆ ಮಾರ್ತೀಯೋ, ನೀರು ಮಾರ್ತೀಯೋ, ನಾದಿನಿಯಮ್ಮ? ಬೇಸಿಗೆ ಮುಗಿಯೋವರೆಗೆ ನೋಡ್ತೀನಿ. ಆಮೇಲೆ ಗ್ಯಾಸೇ."

ಉಳಿದ ದೊಡ್ಡ ಗಿರಾಕಿ ಅವನೊಬ್ಬನೇ. ಅವನೂ ಹೋದರೆ ಡಿಪೋಗೆ ಬೀಗ.

ಅಂದೇ ರಾಶಿ ಕೆಡವಿದಳು. ತೀರಾ ದಪ್ಪಗಿದ್ದವನ್ನು ಮತ್ತೆ ಸೀಳಿದಳು. ನೆಲದ ತೇವ ಏರದಂತೆ ಎರಡು ಉದ್ದನೆಯ ದಿಮ್ಮಿ ಹಾಸಿ, ಗಾಳಿ ಬೀಸುವ ಕಡೆಗೆ ಮುಖ ಮಾಡಿ, ಬೆರಳು ತೂರುವಷ್ಟು ಸಂದು ಬಿಟ್ಟು ಒಟ್ಟಿದಳು. ಹೊದಿಕೆಯನ್ನು ಮಡಚಿ ಮೇಲ್ಗಡೆ ಮಾತ್ರ ಹಾಕಿದಳು.

ನೋಡಲು ಬಂದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಏನೇ ಇದು, ಬರೀ ಟೋಪಿ ಹಾಕಿ ನಿಲ್ಲಿಸಿದ್ದೀಯ!"

"ತಲೆಗೆ ಟೋಪಿ ಸಾಕು ಕಣೇ. ಮೈಗೆ ಗಾಳಿ ಆಡಬೇಕು."

ಪ್ರತಿ ಸೋಮವಾರ ಅದೇ ಸೀಳನ್ನು ತೂಗಿ, ಹಳೆಯ ಅಂಕಿಯ ಕೆಳಗೆ ಹೊಸದನ್ನು ಬರೆಯುತ್ತಿದ್ದಳು. ಮೊದಮೊದಲು ತೂಕ ಸರಸರ ಇಳಿಯಿತು, ಆಮೇಲೆ ನಿಧಾನವಾಯಿತು. ಬೇಸಿಗೆಯ ಕೊನೆಗೆ ಮೂರು ಸೋಮವಾರ ಒಂದೇ ಸಮನೆ ಎರಡು ಕಿಲೋ ಆರುನೂರೈವತ್ತಕ್ಕೆ ನಿಂತುಬಿಟ್ಟಿತು. ತುದಿಗಳು ಬಿರಿದಿದ್ದವು. ಎರಡು ಸೀಳು ತಾಗಿಸಿದರೆ ಮೊದಲಿನ ಮಂಕು ಸದ್ದಿಲ್ಲ, ಟಣ್ ಎನ್ನುತ್ತಿತ್ತು.

ಮರುದಿನವೇ ಒಂದು ಗಾಡಿ ಸೌದೆ ಬೇಕರಿಗೆ ಹೋಯಿತು. ಗುರುತಿನ ಸೀಳನ್ನು ಮಾತ್ರ ಸೌದೆಯಮ್ಮ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಭಾವ ಬೀದಿಯಲ್ಲಿ ನಿಂತು, ಕತ್ತು ನೋಯುವವರೆಗೆ ಚಿಮಣಿಯನ್ನೇ ನೋಡಿದ.

"ಒಲೆ ಹಚ್ಚಿದ್ದೀರೋ ಇಲ್ವೋ?" ಎಂದು ಕೂಗಿದ.

"ಒಳಗೆ ಬಂದು ಕೈ ಇಟ್ಟು ನೋಡಿ, ಗೊತ್ತಾಗುತ್ತೆ!" ಎಂದಳು ಅಕ್ಕ ಒಳಗಿಂದ.

ಒಳಗೆ ಬೆಂಕಿ ಭಗಭಗ ಉರಿಯುತ್ತಿತ್ತು. ಮೊದಲ ಬ್ರೆಡ್ಡನ್ನು ಮುರಿದು ಮೂಸಿದ, ತಿಂದ, ಇನ್ನೊಂದು ತುಂಡು ಮುರಿದ.

"ಸರಿ, ಗ್ಯಾಸಿನವನಿಗೆ ಬರಬೇಡ ಅಂತೀನಿ. ಆದ್ರೆ ನಿಜ ಹೇಳು, ಇಷ್ಟು ದಿನ ಒಂದೊಂದು ಸೀಳಲ್ಲೂ ನನಗೆ ಎಷ್ಟು ನೀರು ಮಾರಿದ್ದೆ?"

ಸೌದೆಯಮ್ಮ ಕಂಕುಳಿನ ಸೀಳನ್ನು ತೆಗೆದು, ಎಲ್ಲಕ್ಕಿಂತ ಮೇಲಿನ ಅಂಕಿಯನ್ನೂ ಕೆಳಗಿನದನ್ನೂ ನೋಡಿ, ನಗು ಅದುಮಿಕೊಂಡು ಹೇಳಿದಳು:

"ಒಂದು ಕಿಲೋ ಇನ್ನೂರೈವತ್ತು ಗ್ರಾಂ, ಭಾವ."