ಅಲ್ಮಾಜಳ ಕತ್ತಿನ ಹಚ್ಚೆ

ಸೀರೆ ಮಡಚಲು ಇಬ್ಬರು ಬೇಕು ಎನ್ನುವುದು ನಿಮಗೆ ಗೊತ್ತೇ ಇದೆ. ಆ ತುದಿಯ ಸೆರಗನ್ನು ಹಿಡಿದು ನಿಲ್ಲಲು ಊರಿನಲ್ಲಾದರೆ ಅತ್ತಿಗೆಯೋ ನಾದಿನಿಯೋ ಸಿಕ್ಕೇ ಸಿಗುತ್ತಿದ್ದರು. ಎಂಬತ್ತರ ದಶಕದ ನಡುವಿನಲ್ಲಿ, ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನನಗೆ ಸಿಕ್ಕವಳು ಇಥಿಯೋಪಿಯದ ಅಲ್ಮಾಜ್. ಡ್ರೈಯರಿನಿಂದ ತೆಗೆದ ಬಿಸಿ ಸೀರೆಯ ತುದಿಯನ್ನು ಕೇಳದೆಯೇ ಹಿಡಿದು, ನಾನು ಮಡಚಿದಂತೆಯೇ ಮಡಚುತ್ತ ಎದುರು ಬಂದಳು. ಸ್ನೇಹಕ್ಕೆ ಇನ್ನೇನು ಬೇಕು, ಹೇಳಿ.

ಬೇಸಿಗೆಯಲ್ಲೂ ಅವಳ ಕತ್ತಿಗೆ ಬಿಳಿಯ ತೆಳುಬಟ್ಟೆಯೊಂದು ಸುತ್ತಿಕೊಂಡೇ ಇರುತ್ತಿತ್ತು. ಸೆರಗು ಜಾರಿದರೆ ಬೈಸಿಕೊಂಡು ಬೆಳೆದ ನಾನು ಅದನ್ನು ಕಂಡು, ಆಹಾ, ಎಂಥ ಮಾನವಂತೆ ಎಂದು ತೀರ್ಮಾನಿಸಿ, ಅವಳೆದುರು ನನ್ನ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಳ್ಳತೊಡಗಿದೆ. ಅವಳಿಗೋ, ಭುಜವನ್ನು ಅಷ್ಟು ಭದ್ರವಾಗಿ ಮುಚ್ಚಿಕೊಳ್ಳುವ ಈ ಹೆಂಗಸು ಸೊಂಟವನ್ನು ಮಾತ್ರ ಹೀಗೆ ಬಯಲಿಗೆ ಬಿಟ್ಟಿದ್ದಾಳಲ್ಲ ಎಂಬ ಕಳವಳವಂತೆ. ಪರಸ್ಪರರ ಮರ್ಯಾದೆಯ ಬಗ್ಗೆ ನಾವಿಬ್ಬರೂ ಒಳಗೊಳಗೇ ಬಹಳ ಚಿಂತಿಸಿದ್ದೆವು.

ಒಂದು ದಿನ ಆ ಬಟ್ಟೆ ಜಾರಿತು. ಕತ್ತಿನ ಸುತ್ತ ಸಾಲುಸಾಲು ಹಸಿರು ಗೆರೆ, ನಡುನಡುವೆ ಚುಕ್ಕಿ. ಹಚ್ಚೆಯಲ್ಲೇ ಹೊಯ್ದ ಅಡ್ಡಿಕೆ ಸರ. ಅವಳ ಮುಖ ಸಣ್ಣಗಾಯಿತು. ನಾನು ನನ್ನ ಮುಂಗೈ ಚಾಚಿದೆ. ಅಲ್ಲಿ ನಮ್ಮಜ್ಜಿ ಹಟ ಹಿಡಿದು ಹೊಯ್ಯಿಸಿದ್ದ ಹಚ್ಚೆಯ ರಂಗೋಲಿಯಿತ್ತು. ಪಾರ್ಟಿಗೆ ಹೊರಟಾಗಲೆಲ್ಲ ನಮ್ಮವರು "ಫುಲ್ ಸ್ಲೀವ್ ಬ್ಲೌಸೇ ಹಾಕ್ಕೊಳೇ, ಆಮೇಲೆ ಎಲ್ಲರಿಗೂ ಎಕ್ಸ್‌ಪ್ಲೇನ್ ಮಾಡ್ತಾ ನಿಂತ್ಕೋಬೇಕಾಗತ್ತೆ" ಎನ್ನುತ್ತಿದ್ದುದು ಅದರ ಸಲುವಾಗಿಯೇ.

ಅವಳ ಹಳ್ಳಿಯಲ್ಲಿ ಗೆರೆಯಿಲ್ಲದ ಕತ್ತೆಂದರೆ ಬೋಳು ಕತ್ತು. ತಾಯಿಯೇ ಮುಳ್ಳಿನಿಂದ ಚುಚ್ಚಿ, ದೀಪದ ಮಸಿ ತೀಡಿ, ಮಗಳನ್ನು ಚೆಲುವೆ ಮಾಡಿದ್ದಳು. ಓದಲು ರಾಜಧಾನಿಗೆ ಹೋದರೆ ಅಲ್ಲಿನ ಹುಡುಗಿಯರು ಹಳ್ಳಿಮುಕ್ಕಿ ಎಂದು ನಕ್ಕರು. ಬಟ್ಟೆ ಸುತ್ತಿದ್ದು ಅಂದಿನಿಂದ. ಈಗ ಹಳ್ಳಿಯ ತಾಯಂದಿರೂ ಮಕ್ಕಳಿಗೆ ಚುಚ್ಚುತ್ತಿಲ್ಲವಂತೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸಿನಲ್ಲಿ, ಕೂದಲಿಗೆ ಗುಲಾಬಿ ಬಣ್ಣ ಬಳಿದ ಹುಡುಗಿಯೊಬ್ಬಳು ಬಟ್ಟೆಯಂಚಿನಿಂದ ಇಣುಕಿದ ಗೆರೆ ಕಂಡು, ಎಲ್ಲಿ ಹಾಕಿಸಿದೆ, ನನಗೂ ಬೇಕು ಎಂದು ಬೆನ್ನು ಬಿದ್ದಿದ್ದಳಂತೆ. ಒಂದೇ ಕತ್ತು ನೋಡಿ, ಹಳ್ಳಿಗೆ ಲಕ್ಷಣ, ರಾಜಧಾನಿಗೆ ನಾಚಿಕೆ, ಇಲ್ಲಿಯವರಿಗೆ ಷೋಕಿ. ಅದನ್ನು ಹೊತ್ತವಳು ಯಾರ ಮಾತು ಕೇಳಬೇಕು?

ಅವಳು ಕೇಳಿದ್ದು ಮಗಳ ಮಾತನ್ನು. ಒಂದನೇ ಕ್ಲಾಸಿನ ಹನ್ನಾ, ನಿಮ್ಮಮ್ಮ ಕತ್ತು ತೊಳೆಯೋದಿಲ್ವಾ ಎಂದು, ಶಾಲೆಯ ಬಾಗಿಲಲ್ಲಿ ಬಟ್ಟೆ ಸರಿದದ್ದನ್ನು ಕಂಡ ಜೊತೆಯವರು ಆಡಿಕೊಂಡರೆಂದು, ಇನ್ನು ಮೇಲೆ ಶಾಲೆಗೆ ಬರಬೇಡ ಅಂದುಬಿಟ್ಟಳು. ಅಲ್ಮಾಜ್ ಚರ್ಮದ ಡಾಕ್ಟರ ಬಳಿ ಹೋದಳು. ಅವರು ಪರೀಕ್ಷೆಗೆಂದು ಕಿವಿಯ ಕೆಳಗೆ ಸ್ವಲ್ಪ ಕೆರೆದು ತೆಗೆದು, ಇದು ಮಾಯಲಿ, ಗಾಯ ಗಂಟುಕಟ್ಟದಿದ್ದರೆ ಉಳಿದದ್ದನ್ನೂ ತೆಗೆಯೋಣ ಎಂದರು. ಗಂಟುಕಟ್ಟಿದರೆ ಜೀವಮಾನದ ಕಲೆ. ಕಟ್ಟದಿದ್ದರೆ ಕತ್ತಿಡೀ ಹೀಗೆ ಕೆರೆಸಿಕೊಳ್ಳಬೇಕು. ಯಾವುದಕ್ಕಾಗಿ ಹಾರೈಸಬೇಕೋ ತಿಳಿಯದೆ, ಸಿಕ್ಕಾಗಲೆಲ್ಲ ಪಟ್ಟಿ ಸರಿಸಿ ನೋಡುತ್ತಿದ್ದೆ.

ಗಾಯವೇನೋ ಚೆನ್ನಾಗಿಯೇ ಮಾಯುತ್ತಿತ್ತು. ಡಾಕ್ಟರು ಮತ್ತೆ ಬರಹೇಳಿದ್ದ ದಿನಕ್ಕೆ ಮೊದಲೇ, ಸುಡಾನಿನ ನಿರಾಶ್ರಿತರ ಶಿಬಿರದಲ್ಲಿದ್ದ ಅವಳ ತಾಯಿ ಬರುವುದು ಗೊತ್ತಾಯಿತು. ತನ್ನ ಕೈಯಾರೆ ಬರೆದದ್ದನ್ನು ಮಗಳು ಅಳಿಸಿಕೊಂಡಿದ್ದನ್ನು ಕಂಡರೆ ಆ ಜೀವ ಏನೆಂದುಕೊಂಡೀತು? ಅವಳನ್ನೂ ಹನ್ನಾಳನ್ನೂ ಕೂರಿಸಿಕೊಂಡು ಏರ್‌ಪೋರ್ಟಿಗೆ ಕಾರು ಓಡಿಸಿದವಳು ನಾನೇ. ದಾರಿಯುದ್ದಕ್ಕೂ ಅಲ್ಮಾಜ್ ಕತ್ತಿನ ಬಟ್ಟೆಯನ್ನು ಬಿಗಿ ಮಾಡಿಕೊಳ್ಳುತ್ತಲೇ ಇದ್ದಳು.

ಹೊರಬಂದ ಮುದುಕಿ ಮೂಗಿನ ತನಕ ಮುಸುಕು ಹಾಕಿಕೊಂಡಿದ್ದಳು; ಕಾಣುತ್ತಿದ್ದುದು ಕಣ್ಣಷ್ಟೇ. ಅಮೆರಿಕದಲ್ಲಿ ಇಂಥ ಮುಖ ನೋಡಿ ನಗುತ್ತಾರೆ, ಮಗಳಿಗೆ ಅವಮಾನ ಮಾಡಬೇಡ ಎಂದು ಶಿಬಿರದವರು ಹೇಳಿ ಕಳಿಸಿದ್ದರಂತೆ. ಅಲ್ಮಾಜ್ ನಿಧಾನವಾಗಿ ಆ ಮುಸುಕನ್ನು ಬಿಚ್ಚಿದಳು. ಗಲ್ಲ, ದವಡೆ, ಕತ್ತು, ಎಲ್ಲೆಲ್ಲೂ ಹಸಿರು ಗೆರೆ. ಆಮೇಲೆ ತನ್ನದನ್ನೂ ಬಿಚ್ಚಿದಳು. ಗೆರೆಯ ಮೇಲೆ ಸರಿಯುತ್ತ ಹೋದ ತಾಯಿಯ ಬೆರಳು ಕಿವಿಯ ಕೆಳಗೆ ಬಂದು ನಿಂತಿತು. ಅವಳು ಏನೋ ಕೇಳಿದಳು. ಮಗಳು ತಲೆ ತಗ್ಗಿಸಿದಳು.

ಕಾರಿನಲ್ಲಿ ಹನ್ನಾ ಬಾಗಿಲಿಗೆ ಒತ್ತಿಕೊಂಡು ಕೂತು ಅಜ್ಜಿಯನ್ನೇ ದಿಟ್ಟಿಸುತ್ತಿದ್ದಳು. ಸೇತುವೆ ದಾಟುವಾಗ ಮುದುಕಿ ಮತ್ತೇನೋ ಅಂದಳು. ಅಲ್ಮಾಜ್ ಬಿಕ್ಕಿಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ನನಗೆ ಬಿಡಿಸಿ ಹೇಳಿದಳು.

"ಏರ್‌ಪೋರ್ಟಿನಲ್ಲಿ ಅಮ್ಮ, ಹಾಕುವಾಗ ನೀನು ಅತ್ತಿದ್ದೆ, ತೆಗೆಸುವಾಗಲೂ ಅತ್ತೆಯಾ ಅಂತ ಕೇಳಿದಳು. ಈಗ, ಮಗು ನನ್ನ ನೋಡಿ ಹೆದರ್ತಿದೆ, ಆ ಡಾಕ್ಟರು ನನ್ನದನ್ನೂ ತೆಗೀತಾರಾ ಅಂತಿದ್ದಾಳೆ. ಆ ಮುಖದಿಂದ ಅದನ್ನ ತೆಗೆದುಬಿಟ್ಟರೆ ಅಮ್ಮನ್ನ ನಾನು ಎಲ್ಲಿ ಹುಡುಕಲಿ?"

ಮಾರನೆಯ ಬೆಳಿಗ್ಗೆ, ತನ್ನ ಇಂಗ್ಲಿಷು ಅವರಿಗೆ ಅರ್ಥವಾಗುವುದಿಲ್ಲವೆಂದು, ಡಾಕ್ಟರ ಆಫೀಸಿಗೆ ನನ್ನಿಂದ ಫೋನು ಮಾಡಿಸಿದಳು. ಅವಳು ಬರುವುದಿಲ್ಲ ಎಂದೆ. ಆ ಕಡೆಯ ಹೆಂಗಸು ಕಾರಣ ಕೇಳಿದಳು.

ಅವಳ ಅಮ್ಮ ಬಂದಿದ್ದಾರೆ ಎಂದೆ.