ಕಾವಲುಗಾರನ ಕಣ್ಣಳತೆ

ಮಾಯಸಂದ್ರದ ಗಿರಿಜಾಂಬಿಕಾಗೆ ಆ ವಾರ ಎಷ್ಟು ಮಲಗಿದರೂ ದಣಿವು ಹೋಗುತ್ತಿರಲಿಲ್ಲ. ಹಗಲೆಲ್ಲ ತುರುವೇಕೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕಂಪ್ಯೂಟರ್ ಪಾಠ. ಸಂಜೆ ಅದೇ ಊರಿನ ಟೈಲರ್ ಅಕ್ಬರ್ ಪಾಷಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೇಮು ಕಟ್ಟುವ ಕೆಲಸ. ಪಾಷಾರ ಮಗಳು ನಿಖತ್ ಅವಳ ಜೊತೆ ಓದಿದವಳು. ಚಿತ್ರಗಳೆಲ್ಲ ನಿಖತ್‌ಳವು, ಕೋಡ್ ಗಿರಿಜಾಳದು. ತೆಂಗಿನ ತೋಟಕ್ಕೆ ನುಗ್ಗಿದ ಕಳ್ಳ ಕಾವಲುಗಾರನ ಕಣ್ಣಿಗೆ ಬೀಳದೆ ಎಳನೀರು ಕದ್ದು ಹೊರಬೀಳಬೇಕು, ಅಷ್ಟೇ ಆಟ. ಅಷ್ಟಕ್ಕೇ ಇಬ್ಬರೂ ಸವೆದುಹೋಗಿದ್ದರು.

ಅಪ್ಪನ ಬೆನ್ನುನೋವು ಹೆಚ್ಚಾಗಿದೆ, ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವವರಿಲ್ಲ, ಭಾನುವಾರದೊಳಗೆ ಆಟ ಆಡುವಂತಾಗದಿದ್ದರೆ ತಾನು ಪೂರ್ತಿ ಹೊಲಿಗೆಗೇ ಕೂರುತ್ತೇನೆ ಎಂದಿದ್ದಳು ನಿಖತ್. ಸಿಟ್ಟಿನಿಂದ ಹೇಳಿದ್ದರೆ ಗಿರಿಜಾಗೆ ಇಷ್ಟು ನೋಯುತ್ತಿರಲಿಲ್ಲ.

ಕೆಟ್ಟಿದ್ದು ಕಾವಲುಗಾರನ ಕಣ್ಣು. ಕಳ್ಳ ಬೇಲಿ ದಾಟುವುದೇ ತಡ, ತೋಟದ ಆ ತುದಿಯಿಂದ ಅವನು ಓಡಿಬರುತ್ತಿದ್ದ. ನಿಖತ್ ಮೊದಲು ಮರಗಳನ್ನು ಕಾಡಿನಂತೆ ಚೆದುರಿಸಿ ಬರೆದಿದ್ದಳು. ತೋಟದ ಮನೆಯಲ್ಲಿ ಬೆಳೆದ ಗಿರಿಜಾ ಒಪ್ಪದೆ, ತೆಂಗು ಅಂದರೆ ಸಾಲು ಎಂದು ಹಟ ಹಿಡಿದು ಎಲ್ಲವನ್ನೂ ನೆಟ್ಟಗೆ ಬರೆಸಿದ್ದಳು. ಮರದ ಬೊಡ್ಡೆ ನೋಟವನ್ನು ತಡೆಯುತ್ತಿತ್ತು ನಿಜ. ಆದರೆ ಎರಡು ಸಾಲುಗಳ ನಡುವಿನ ಓಣಿ ಬೇಲಿಯವರೆಗೂ ಬಯಲು. ಕೊನೆಗೆ ಗಿರಿಜಾ ನೋಟದ ದೂರವನ್ನೇ ಕತ್ತರಿಸಿದಳು. ಆಗ ಕಳ್ಳ ಮೂಗಿನ ಮುಂದೆ ಹಾದುಹೋದರೂ ಕಾವಲುಗಾರ ಸುಮ್ಮನೆ ನಿಂತಿರುತ್ತಿದ್ದ.

"ಮೊದ್ಲು ಇವನಿಗೊಂದು ಕನ್ನಡಕ ಹಾಕ್ಸು ಕಣೇ," ಎಂದಳು ನಿಖತ್. ಇಬ್ಬರೂ ನಗಲಿಲ್ಲ.

ಭಾನುವಾರ ಬೆಳಿಗ್ಗೆ ಗಿರಿಜಾ ಬಿದ್ದ ಗರಿ ಎಳೆಯಲು ತೋಟಕ್ಕೆ ಹೋದಳು. ಸಾಲಿನ ಕೊನೆಯಲ್ಲಿ ಯಾರೋ ಬಗ್ಗಿದ್ದರು. ಯಾರೋ ಇದ್ದಾರೆ ಎಂದಷ್ಟೇ ಕಂಡಿತು, ಯಾರೆಂದು ತಿಳಿಯಲಿಲ್ಲ. ಯಾರದು ಎಂದು ಕೂಗುತ್ತ ಹತ್ತಿರ ನಡೆದಳು. ಬಗ್ಗಿದ್ದವರು ಎದ್ದು ನಿಂತಾಗ ನೋಡಿದರೆ ತಾಯಿ ಸುನಂದಾ.

"ಕಾಲೇಜ್‌ನಾಗೆ ಪಾಠ ಹೇಳ್ತೀಯ, ಹೆತ್ತವ್ವನ ಗುರ್ತು ಸಿಗ್ನಿಲ್ವಾ?"

ಹಾಗೆಂದು ಅವರು ಪಕ್ಕದ ಸಾಲಿಗೆ ಸರಿದರು. ಸರಿದದ್ದೇ ಮರೆಯಾದರು. ಗಿರಿಜಾ ಹಿಡಿದಿದ್ದ ಗರಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು.

ಮಧ್ಯಾಹ್ನದವರೆಗೆ ಕೂತು ಕಾವಲುಗಾರನಿಗೆ ಎರಡು ಅಳತೆಯ ಕಣ್ಣು ಕೊಟ್ಟಳು. ದೂರದಲ್ಲಿ ಏನೋ ಅಲುಗಿತು ಎಂಬುದಷ್ಟೇ ಅವನಿಗೆ ಕಾಣಬೇಕು. ಕಂಡರೆ ನಿಧಾನವಾಗಿ ಹತ್ತಿರ ಬರಬೇಕು. ಹತ್ತಿರ ಬಂದ ಮೇಲೇ ಮುಖ ಗುರುತು ಹಿಡಿಯಬೇಕು. ಆ ನಡುವೆ ಕಳ್ಳನಿಗೆ ಸಾಲು ಬದಲಿಸಲು ಸಮಯ. ಮರದ ಸಾಲುಗಳು ಇದ್ದ ಹಾಗೇ ಇದ್ದವು.

ಸಂಜೆ ಬಸ್ಸು ಹಿಡಿದು ತುರುವೇಕೆರೆಗೆ ಹೋದಳು. ನಿಖತ್ ಹೊಲಿಯುತ್ತಿದ್ದ ರವಿಕೆಯನ್ನು ಸೂಜಿಯಡಿಯಲ್ಲೇ ಬಿಟ್ಟು ಎದ್ದು ಬಂದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರು. ಮೊದಲ ಸಲ ಕಾವಲುಗಾರ ತಲೆ ಎತ್ತಿದಾಗ ನಿಖತ್ ಕಳ್ಳನನ್ನು ನಿಂತಲ್ಲೇ ನಿಲ್ಲಿಸಿ ಸಿಕ್ಕಿಬಿದ್ದಳು. ಮತ್ತೆ ಆಡಿದಳು. ಈ ಸಲ ಪಕ್ಕದ ಸಾಲಿಗೆ ಸರಿದಳು. ಕಾವಲುಗಾರ ಆ ಜಾಗಕ್ಕೆ ಬಂದ, ಅತ್ತಿತ್ತ ನೋಡಿದ, ವಾಪಸ್ಸು ಹೋದ. ನಿಖತ್ ಕಳ್ಳನನ್ನು ಎಳನೀರಿನ ಸಮೇತ ಬೇಲಿ ದಾಟಿಸಿದಳು.

ಆಮೇಲೆ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಗಿರಿಜಾ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದಳು.

"ನಾಳೆ ಎಷ್ಟೊತ್ತಿಗೆ ಬತ್ತೀಯ?" ಎಂದಳು ನಿಖತ್, ತಿರುಗದೆ.

"ಕ್ಲಾಸ್ ಮುಗಿಸ್ಕೊಂಡು."

"ಬಾ. ಅಷ್ಟರಲ್ಲಿ ಕಾಜಾ ಎಲ್ಲ ಹಾಕಿ ಮುಗಿಸಿರ್ತೀನಿ."