ತೆರೆ ಸರಿಯದ ದೇವರು

ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ ಎಲ್ಲವೂ ಸಿಗುತ್ತಿತ್ತು, ದೇವಸ್ಥಾನ ಒಂದನ್ನು ಬಿಟ್ಟು. ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆಯನ್ನು ಡೆಟ್ರಾಯಿಟ್‌ವರೆಗೂ ಡ್ರೈವ್ ಮಾಡಿ ಕರೆದುಕೊಂಡು ಹೋದೆವು. ಅಲ್ಲಿಯೂ ಇರಲಿಲ್ಲ. ದೇವಸ್ಥಾನವಿಲ್ಲದ ಊರಿನಲ್ಲಿ ಅಷ್ಟು ಅಗಲದ ರಸ್ತೆ ಯಾಕೆ ಎಂದು ಅವರು ಕೇಳಿದರು.

ಅವರಿಗೆ ತುರ್ತಿತ್ತು. ನನ್ನ ಮೊದಲ ಮಗು ಹುಟ್ಟಿದ ವಾರದಲ್ಲೇ ತೀರಿಕೊಂಡಿತ್ತು. ಎರಡನೆಯದು ಉಳಿದರೆ ಅದಕ್ಕೆ ಮೊದಲ ಅನ್ನವನ್ನು ದೇವಸ್ಥಾನದಲ್ಲೇ, ತಮ್ಮ ಕೈಯಾರೆ ಉಣಿಸುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ಮಗಳು ಉಳಿದಳು, ಗುಂಡಗೆ ಬೆಳೆದಳು. ಡಾಕ್ಟರು ಮಗುವಿಗೆ ಸೀರಿಯಲ್ ಹಿಟ್ಟು ಶುರು ಮಾಡಿ ಎಂದರು. ತಂದ ಮಾರನೆಯ ದಿನವೇ ಸೀರಿಯಲ್ ಡಬ್ಬಿ ಕಾಣೆಯಾಯಿತು. ನನಗೆ ಸಿಟ್ಟು ಬಂತು. ಆದರೆ ಹರಕೆ ಮುರಿಯುವ ಧೈರ್ಯ ನನಗೂ ಇರಲಿಲ್ಲ, ಇನ್ನೊಂದು ಡಬ್ಬಿ ತರಲಿಲ್ಲ.

ಅಷ್ಟರಲ್ಲಿ ಆಫೀಸಿನವರು ನನ್ನ ಗಂಡನನ್ನು ಜಪಾನಿಗೆ ಕಳಿಸಿದರು. ಅತ್ತೆ ಊರಿಗೆ ಮರಳುವ ದಾರಿಯೂ ಅದೇ ಆದ್ದರಿಂದ ಎಲ್ಲರೂ ಹೊರಟೆವು. ಅಲ್ಲಿಂದ ಅವರು ಮೈಸೂರಿಗೆ, ನಾವು ವಾಪಸ್ ಪ್ಲಿಮತ್‌ಗೆ. ಅವರು ಹೊರಡುವ ದಿನ, ಗಂಡನ ಜೊತೆ ಕೆಲಸ ಮಾಡುತ್ತಿದ್ದ ಜಪಾನಿ ಇಂಜಿನಿಯರ್ ನಮ್ಮನ್ನು ಪುರಾತನವಾದ ಒಂದು ಶಿಂಟೋ ಧರ್ಮದ ದೇವಾಲಯಕ್ಕೆ ಕರೆದೊಯ್ದರು. ಅಲ್ಲಿ ದೇವರು ಇದ್ದಾನೆ ತಾನೆ ಎಂದಷ್ಟೇ ಅತ್ತೆ ವಿಚಾರಿಸಿದರು. ಹೋಟೆಲಿನವರಿಂದ ಅನ್ನ, ಹಾಲು ಕೇಳಿ ತರಿಸಿ, ಸಕ್ಕರೆ ಹಾಕಿ ಕಿವುಚಿ, ಬೆಳ್ಳಿ ಬಟ್ಟಲಿಗೆ ತುಂಬಿಕೊಂಡರು. ಮಡಿಯ ಮಾತನ್ನು ಆ ದಿನ ಅವರೂ ಎತ್ತಲಿಲ್ಲ.

ದೇವಾಲಯ ಅವರಿಗೆ ಹಿಡಿಸಿತು. ಕೈ ತೊಳೆಯಲು ನೀರಿತ್ತು, ಗಂಟೆಯಿತ್ತು, ಅರ್ಚಕರು ಬಿಳಿಯುಟ್ಟಿದ್ದರು. ಒಳಗೆ ಮಾತ್ರ ತೆರೆ ಎಳೆದಿತ್ತು. ನೈವೇದ್ಯವಾಗುತ್ತಿದೆ ಎಂದು ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ತೆರೆ ಸರಿದು ಮಂಗಳಾರತಿಯಾಗಲಿ, ಆಮೇಲೆ ಉಣಿಸುವುದು.

ತೆರೆ ಸರಿಯಲಿಲ್ಲ. ಜನ ಬಂದರು, ಬಗ್ಗಿ ನಮಿಸಿದರು, ಅಲ್ಲಿನ ಕ್ರಮದಂತೆ ಚಪ್ಪಾಳೆ ತಟ್ಟಿದರು, ಹೋದರು. ಮಗಳು ಬಟ್ಟಲು ನೋಡಿ ಅಳತೊಡಗಿದಳು. ಗಂಡ ಗಡಿಯಾರ ನೋಡಿದರು. ಕೊನೆಗೆ ಇಂಜಿನಿಯರ್ ಅರ್ಚಕರನ್ನು ಕೇಳಿಕೊಂಡು ಬಂದರು. ಆ ತೆರೆ ತೆಗೆಯುವುದೇ ಇಲ್ಲವಂತೆ. ಒಳಗಿರುವುದನ್ನು ಅರ್ಚಕರೂ ಕಂಡಿಲ್ಲವಂತೆ.

ಇದನ್ನು ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಗಂಡನಿಗೆ ಅಷ್ಟರಲ್ಲಿ ಕಂಬಗಳ ಮೇಲೆ ಆಸಕ್ತಿ ಹುಟ್ಟಿತ್ತು.

"ದೇವರು ಒಳಗೆ ಇರೋದಂತೂ ನಿಜ ತಾನೆ?" ಎಂದರು ಅತ್ತೆ.

"ಇದಾರಂತೆ ಅತ್ತೆ."

ಅವರು ತೆರೆಯನ್ನು ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ಅವರ ಊಟ ಇನ್ನೂ ಮುಗಿದಿಲ್ಲ. ಒಂದೇ ಪಂಕ್ತೀಲಿ ಇದೂ ಉಣ್ಣಲಿ ಬಿಡು."

ಮಗಳು ಮೊದಲ ತುತ್ತಿಗೆ ಮುಖ ಕಿವುಚಿದಳು, ನುಂಗಿದಳು, ಮತ್ತೆ ಬಾಯಿ ತೆರೆದಳು. ಮೊದಲ ಮಗು ಹೋದಾಗ ಆಸ್ಪತ್ರೆಯಲ್ಲಿ ಅಳದಿದ್ದ ನಾನು ಅಲ್ಲಿ ಅತ್ತುಬಿಟ್ಟೆ. ಅರ್ಚಕರು ದೂರದಿಂದಲೇ ಬಗ್ಗಿ ನಮಿಸಿದರು. ಅವರಲ್ಲೂ ಎಳೆಮಗುವನ್ನು ಅಜ್ಜಿಯೇ ದೇವಾಲಯಕ್ಕೆ ಎತ್ತಿಕೊಂಡು ಬರುವುದಂತೆ.

ಸಂಜೆ ವಿಮಾನ ನಿಲ್ದಾಣದಲ್ಲಿ ಅತ್ತೆ ಮಗುವಿನ ಕೆನ್ನೆಯನ್ನು ಸೆರಗಿನಿಂದ ಒರೆಸಿ, ಅವಳನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು.

"ಆ ಡಬ್ಬಿ ಚಳಿಗಾಲದ ಕೋಟುಗಳ ಹಿಂದಿದೆ," ಎಂದರು. "ಇನ್ನು ನೀನೇ ಉಣಿಸಮ್ಮ."